ಗ್ವಾಡಿ ನೀರು ಕುಡೀಲಿಲ್ಲ

ಕಾಂಕ್ರೀಟಿನ ಗ್ರೇಡ್ ಜಾಸ್ತಿ ಆದಷ್ಟೂ ಬಿರುಕಿನ ಭಯವೂ ಜಾಸ್ತಿ ಅಂದ್ರೆ ನಮ್ಮ ಹಾಸ್ಟೆಲ್ಲಿನ ಕಂಪ್ಯೂಟರ್ ಸೈನ್ಸ್ ಹುಡುಗರು ನಂಬಲ್ಲ. "ಅಷ್ಟು ಗಟ್ಟಿ ಇದ್ಮೇಲೆ ಯಾಕೋ ಒಡೆಯುತ್ತೆ?" ಅಂತಾರೆ. ಅವರನ್ನ ಬಿಡಿ, ಸಿವಿಲ್ ಓದೋ ನಮ್ಮಲ್ಲೇ ಎಷ್ಟೋ ಜನಕ್ಕೆ ಶ್ರಿಂಕೇಜ್ ಅಂದ್ರೆ ಐಎಸ್ 456ರಲ್ಲಿ ಬರೋ 0.0003 ಅನ್ನೋ ಒಂದು ಸಂಖ್ಯೆ, ಅಷ್ಟೆ. ಪರೀಕ್ಷೆಯಲ್ಲಿ ಎರಡು ಮಾರ್ಕ್ಸಿಗೆ ಬರುತ್ತೆ, ಬರೀತೀವಿ, ಮರೀತೀವಿ. ನಾನೂ ಅದನ್ನ ಅಲ್ಲಿಗೇ ಬಿಡ್ತಿದ್ದೆನೋ ಏನೋ. ಆದ್ರೆ ಆರನೇ ಸೆಮಿಸ್ಟರ್ ಮುಗಿಸಿ ಇಂಟರ್ನ್‌ಶಿಪ್‌ಗೆ ಹೋದ ಸೈಟಿನಲ್ಲಿ ಈ ಶ್ರಿಂಕೇಜ್ ಒಬ್ಬ ಮನುಷ್ಯನ ಕೂಲಿ ತಿಂದು ಹಾಕ್ತು. ಆಮೇಲೆ ಒಂದು ವರ್ಷ ನಮ್ಮ ಪ್ರಾಜೆಕ್ಟ್ ಟೀಮಿನ ನಾಲ್ಕು ಜನಕ್ಕೂ ಅದೇ ಗುಂಗು.

ಸೈಟ್ ಬೆಂಗಳೂರಿನ ಹೊರವಲಯದಲ್ಲಿ. ಎತ್ತರದ ಅಪಾರ್ಟ್‌ಮೆಂಟ್. ಕೆಳಗಿನ ಮಹಡಿಗಳ ಶಿಯರ್ ವಾಲ್‌ಗೆ ಎಂ 70 ಕಾಂಕ್ರೀಟ್. ನನ್ನ ಕೆಲಸ ಎರಡು ರಿಜಿಸ್ಟರ್ ಬರೆಯೋದು: ಯಾವ ಲಾರಿ ಎಷ್ಟೊತ್ತಿಗೆ ಬಂತು, ಸ್ಲಂಪ್ ಎಷ್ಟು ಅನ್ನೋದು ಒಂದು, ಯಾವ ಗೋಡೆಗೆ ಯಾವಾಗ ನೀರು ಹೊಡೆದರು ಅನ್ನೋದು ಇನ್ನೊಂದು. ನೀರು ಹೊಡೀತಿದ್ದವರು ರಾಯಚೂರು ಕಡೆಯವರು, ಐವತ್ತು ದಾಟಿದ ವಯಸ್ಸು. ಎಲ್ಲರೂ ಅವರನ್ನ ಕಾಕಾ ಅಂತಾನೇ ಕರೀತಿದ್ರು. ಗೋಣಿಚೀಲ ಸುತ್ತಿ, ಅದು ಜಾರದ ಹಾಗೆ ಬೈಂಡಿಂಗ್ ವೈರ್ ಕಟ್ಟಿ, ಮೂರು ಮೂರು ಗಂಟೆಗೊಮ್ಮೆ ಪೈಪ್ ಹಿಡಿದು ಬರೋರು. ನೀರಿನ ಟ್ಯಾಂಕರ್ ತಡವಾದ ದಿನ ಅವರ ಮುಖ ನೋಡೋ ಹಾಗಿರ್ತಿರಲಿಲ್ಲ.

ಏಪ್ರಿಲ್ ತಿಂಗಳು. ಉದ್ದನೆಯ ಒಂದು ಗೋಡೆ ಹಾಕಿದ್ವಿ. ಮೂರನೇ ದಿನ ಬೆಳಿಗ್ಗೆ ಶಟರಿಂಗ್ ಬಿಚ್ಚಿದ್ರು, ಕಾಕಾ ಗೋಣಿ ಸುತ್ತಿದ್ರು, ನೀರು ಶುರು. ಐದನೇ ದಿನ ಗೋಣಿ ಸರಿಸಿದಾಗ ಬಿರುಕು ಮೊದಲು ಕಂಡಿದ್ದೂ ಕಾಕಾಗೇ. ಬೇರೆ ಕಡೆ ನೀರು ಆರಿದ ಮೇಲೂ ಕೂದಲೆಳೆಯಷ್ಟು ಒಂದು ಗೆರೆ ಮಾತ್ರ ಒದ್ದೆಯಾಗೇ ಕಪ್ಪಗೆ ನಿಂತಿತ್ತು. ತಳದ ಜಾಯಿಂಟಿನ ಸ್ವಲ್ಪ ಮೇಲಿಂದ ನೆಟ್ಟಗೆ ಮೇಲಕ್ಕೆ. ಕೆಲವು ಹೆಜ್ಜೆ ಆಚೆ ಇನ್ನೊಂದು. ಅದರಾಚೆ ಮತ್ತೊಂದು.

ಮಧ್ಯಾಹ್ನದೊಳಗೆ ತೀರ್ಪು ಬಂತು: ಕ್ಯೂರಿಂಗ್ ಸರಿಯಾಗಿ ಆಗಿಲ್ಲ. ಕಾಕಾನ ನಾಲ್ಕು ದಿನದ ಕೂಲಿ ಕಟ್. ನಾನು ರಿಜಿಸ್ಟರ್ ತಗೊಂಡು ಹೋಗಿ ತೋರಿಸಿದೆ. ಪ್ರತಿ ಮೂರು ಗಂಟೆಗೂ ನನ್ನ ಸಹಿ ಇತ್ತು, ರಾತ್ರಿಯದ್ದಕ್ಕೆ ವಾಚ್‌ಮನ್ ಸಹಿ ಇತ್ತು. "ಬರೆದಿದ್ದೆಲ್ಲ ನಿಜ ಆಗುತ್ತೇನ್ರೀ?" ಅಂತ ಸೂಪರ್‌ವೈಸರ್ ನಕ್ಕು ಪುಸ್ತಕ ಮುಚ್ಚಿದ್ರು. ಕಾಕಾ ಜಗಳ ಆಡಲಿಲ್ಲ. ಸಂಜೆ ಬೀಡಿ ಹಚ್ಚಿ ಹೇಳಿದ್ದು ಇಷ್ಟೇ: "ನೀರು ಹೊಡದೀನಿ ತಮ್ಮಾ. ರಾತ್ರಿ ಎದ್ದೂ ಹೊಡದೀನಿ. ಗ್ವಾಡಿ ಕುಡೀಲಿಲ್ಲಂದ್ರ ನಾ ಏನ್ ಮಾಡ್ಲಿ?"

ಈ ಮಾತಿನಲ್ಲಿ ಎಷ್ಟು ಕಾಂಕ್ರೀಟ್ ಟೆಕ್ನಾಲಜಿ ಇದೆ ಅಂತ ನನಗೆ ಅರ್ಥ ಆಗೋಕೆ ಏಳನೇ ಸೆಮಿಸ್ಟರ್ ಪೂರ್ತಿ ಬೇಕಾಯ್ತು.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಕೆರೆ ಬತ್ತಿದಾಗ ತಳದ ಕೆಸರು ಬಿರಿಯೋದನ್ನ ಎಲ್ಲರೂ ನೋಡಿದೀವಿ. ನೀರು ಗಾಳಿಗೆ ಹೋಯ್ತು, ಮಣ್ಣು ಕುಗ್ಗಿತು. ಡ್ರೈಯಿಂಗ್ ಶ್ರಿಂಕೇಜ್ ಅಂದ್ರೆ ಹೆಚ್ಚುಕಡಿಮೆ ಇದೇ, ನಿಧಾನಕ್ಕೆ, ತಿಂಗಳುಗಟ್ಟಲೆ. ಆದರೆ ಹೈ ಸ್ಟ್ರೆಂತ್ ಕಾಂಕ್ರೀಟಿನಲ್ಲಿ ಮೊದಲ ಕೆಲವು ದಿನ ನಡೆಯೋದು ಬೇರೆ ಕತೆ. ಒಂದು ಹನಿ ನೀರೂ ಹೊರಗೆ ಹೋಗದ ಹಾಗೆ ಪ್ಲಾಸ್ಟಿಕ್ ಸುತ್ತಿ ಸೀಲ್ ಮಾಡಿಟ್ರೂ ಅದು ಕುಗ್ಗುತ್ತೆ. ಇದು ಆಟೋಜೀನಸ್ ಶ್ರಿಂಕೇಜ್. ನಮ್ಮ ಟೀಮಿನ ಹುಡುಗಿಯೊಬ್ಬಳು ಇದಕ್ಕೆ "ಒಳಬರ" ಅಂತ ಹೆಸರಿಟ್ಟಳು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹಾಕೋಕೆ ಬಿಡಲಿಲ್ಲ, ಇಲ್ಲಿ ಹಾಕ್ತಿದೀನಿ.

ಒಳಬರಕ್ಕೆ ಮೂಲ ಏನು? ಸಿಮೆಂಟ್ ಮತ್ತು ನೀರು ಸೇರಿ ಹುಟ್ಟೋ ವಸ್ತು, ಆ ಎರಡರ ಒಟ್ಟು ಗಾತ್ರಕ್ಕಿಂತ ಕಡಿಮೆ ಜಾಗ ಹಿಡಿಯುತ್ತೆ. ಇದನ್ನ ಗಮನಿಸಿದ್ದು ಫ್ರಾನ್ಸಿನ ಲಿ ಶಾಟೆಲಿಯೆ. ಹೌದು, ಕೆಮಿಸ್ಟ್ರಿಯಲ್ಲಿ ಬರೋ ಅದೇ ಪ್ರಿನ್ಸಿಪಲ್‌ನವರು. 100 ಗ್ರಾಂ ಸಿಮೆಂಟ್ ಪೂರ್ತಿ ಹೈಡ್ರೇಟ್ ಆದರೆ ಸುಮಾರು 6ರಿಂದ 7 ಮಿಲಿಲೀಟರ್ ಗಾತ್ರ ಮಾಯ. ಕಾಂಕ್ರೀಟ್ ಇನ್ನೂ ಮೆತ್ತಗಿದ್ದಾಗ ಏನೂ ತೊಂದರೆಯಿಲ್ಲ, ಎಲ್ಲವೂ ಒಂಚೂರು ಕೆಳಗೆ ಕೂರುತ್ತೆ. ಸೆಟ್ ಆದ ಮೇಲೆ ಕೂರೋಕೆ ಆಗಲ್ಲ, ಹಂದರ ಬಿಗಿದಿರುತ್ತೆ. ಆಗ ಮಾಯವಾದ ಗಾತ್ರ ಒಳಗೆ ಖಾಲಿ ರಂಧ್ರ ಆಗಿ ಉಳಿಯುತ್ತೆ.

ಲೆಕ್ಕ ಹಾಕಿ ನೋಡಿ. ಒಂದು ಘನ ಮೀಟರಿಗೆ 450 ಕೆಜಿ ಸಿಮೆಂಟ್, ನೀರು-ಸಿಮೆಂಟ್ ಅನುಪಾತ 0.30 ಅಂದುಕೊಳ್ಳಿ. ಪವರ್ಸ್ ಕೊಟ್ಟ ಲೆಕ್ಕದ ಪ್ರಕಾರ ಒಂದು ಗ್ರಾಂ ಸಿಮೆಂಟ್ 0.23 ಗ್ರಾಂ ನೀರನ್ನ ರಾಸಾಯನಿಕವಾಗಿ ಕಟ್ಟಿಹಾಕುತ್ತೆ, ಇನ್ನೊಂದು 0.19 ಗ್ರಾಂ ಜೆಲ್ಲಿನೊಳಗೆ ಸಿಕ್ಕಿಕೊಳ್ಳುತ್ತೆ. ಒಟ್ಟು 0.42. ಹೊರಗಿಂದ ನೀರು ಕೊಡ್ತಾನೇ ಇದ್ರೆ 0.36ಕ್ಕೂ ಸಾಕು. ನಮ್ಮದು 0.30, ಅಂದರೆ ಸಿಮೆಂಟ್ ಪೂರ್ತಿ ಹೈಡ್ರೇಟ್ ಆಗೋ ಮಾತೇ ಇಲ್ಲ, ಹೆಚ್ಚೆಂದರೆ 0.30 ಭಾಗಿಸು 0.36, ಶೇಕಡಾ 83ರಷ್ಟು. 450ನ್ನು 0.07ರಿಂದ ಗುಣಿಸಿ, ಮತ್ತೆ 0.83ರಿಂದ ಗುಣಿಸಿದರೆ 26 ಲೀಟರ್. ಹಾಸ್ಟೆಲ್ಲಿನಲ್ಲಿ ನಾವು ಹೊತ್ತು ತರೋ 20 ಲೀಟರ್ ಕ್ಯಾನಿಗಿಂತ ದೊಡ್ಡ ಖಾಲಿತನ, ಒಂದೊಂದು ಘನ ಮೀಟರಿನೊಳಗೂ.

ಉಪ್ಪಿಟ್ಟಿಗೆ ನೀರು ಕಡಿಮೆ ಆದ್ರೆ ಏನಾಗುತ್ತೆ ಗೊತ್ತಲ್ಲ? ರವೆ ಇರೋಬರೋ ನೀರನ್ನೆಲ್ಲ ಎಳ್ಕೊಂಡು ಬಾಣಲೆ ಅಂಚು ಬಿಟ್ಟು ಒಳಕ್ಕೆ ಸೇರ್ಕೊಳ್ಳುತ್ತೆ. ಪೂರ್ತಿ ಸರಿಯಾದ ಹೋಲಿಕೆ ಅಲ್ಲ, ಆದರೆ ಚಿತ್ರಕ್ಕೆ ಸಾಕು.

ಕುಗ್ಗಿಸೋ ಬಲ ಎಲ್ಲಿಂದ ಬರುತ್ತೆ ಅನ್ನೋದು ನನಗೆ ಬಹಳ ಇಷ್ಟವಾದ ಭಾಗ. ರಂಧ್ರ ಅರ್ಧ ಖಾಲಿಯಾದಾಗ ಉಳಿದ ನೀರಿನ ಮೇಲ್ಮೈ ಬಾಗಿ ನಿಲ್ಲುತ್ತೆ, ಪಿಯುಸಿಯಲ್ಲಿ ಓದಿದ ಮೆನಿಸ್ಕಸ್. ಎಳೆತ ಎಷ್ಟು ಅಂದ್ರೆ ಎರಡರಷ್ಟು ಸರ್ಫೇಸ್ ಟೆನ್ಷನ್ ಭಾಗಿಸು ತ್ರಿಜ್ಯ. ನೀರಿನದು ಮೀಟರಿಗೆ 0.072 ನ್ಯೂಟನ್. ತ್ರಿಜ್ಯ 20 ನ್ಯಾನೋಮೀಟರ್ ಇದ್ರೆ 7.2 ಎಂಪಿಎ. 10 ನ್ಯಾನೋಮೀಟರ್ ಆದ್ರೆ 14.4. ಎರಡು ದಿನದ ಎಳಸು ಕಾಂಕ್ರೀಟಿನೊಳಗೆ ಪ್ರತಿ ರಂಧ್ರದ ಗೋಡೆಯನ್ನೂ ನೀರು ಈ ಪರಿ ಜಗ್ತಾ ಇರುತ್ತೆ. ಸಿಲಿಕಾ ಫ್ಯೂಮ್ ಹಾಕಿದ್ರೆ ರಂಧ್ರ ಇನ್ನೂ ಸಣ್ಣ, ಜಗ್ಗಾಟ ಇನ್ನೂ ಜೋರು. ಬಲ ಹೆಚ್ಚಿಸೋಕೆ ನಾವು ಮಾಡೋ ಎಲ್ಲ ಉಪಾಯಗಳೂ, ನೀರು ಕಡಿಮೆ ಮಾಡೋದು, ಸಿಲಿಕಾ ಫ್ಯೂಮ್ ಸೇರಿಸೋದು, ಸಿಮೆಂಟ್ ಜಾಸ್ತಿ ಸುರಿಯೋದು, ಸಾಲಾಗಿ ಈ ಕಡೆಯೇ ತಳ್ಳುತ್ತವೆ.

ಹಳೆಯ ಪುಸ್ತಕಗಳಲ್ಲಿ ಇದರ ಮಾತು ಯಾಕೆ ಅಷ್ಟಾಗಿ ಇಲ್ಲ ಅಂತ ಕೇಳಬಹುದು. ಗೊತ್ತಿರಲಿಲ್ಲ ಅಂತಲ್ಲ. 1934ರಲ್ಲೇ ಲೈನಮ್ ಇದರ ಪ್ರಸ್ತಾಪ ಮಾಡಿದ್ದಾರೆ. 1940ರಲ್ಲಿ ಡೇವಿಸ್ ಅಳೆದಾಗ ಸಿಕ್ಕಿದ್ದು ಒಂದು ತಿಂಗಳಿಗೆ 40 ಮೈಕ್ರೋಸ್ಟ್ರೈನ್, ಐದು ವರ್ಷಕ್ಕೆ 100. ಆಗಿನ ಕಾಂಕ್ರೀಟಿನಲ್ಲಿ ನೀರು ಧಾರಾಳ, ಹಾಗಾಗಿ ಬದಿಗಿಟ್ಟರೂ ನಡೀತಿತ್ತು. ಸೂಪರ್ ಪ್ಲಾಸ್ಟಿಸೈಸರ್ ಬಂದು 0.30, 0.25 ಅಂತ ಇಳಿದ ಮೇಲೆ ವಿಷಯ ಮತ್ತೆ ಎದ್ದು ಕೂತಿತು. ಜಪಾನಿನ ತಜಾವಾ ಮತ್ತು ಮಿಯಾಜಾವಾ 1990ರ ದಶಕದಲ್ಲಿ ಇದನ್ನ ಹಿಡಿದು ಕೂತರು. ನೆವಿಲ್ ಪುಸ್ತಕದಲ್ಲಿ 0.17 ಅನುಪಾತಕ್ಕೆ 700 ಮೈಕ್ರೋಸ್ಟ್ರೈನ್ ಅನ್ನೋ ಅಂಕಿಯೂ ಇದೆ. ಲೈಬ್ರರಿಯಲ್ಲಿ ಎರಡು ಪ್ರತಿ ಇದೆ, ತೆಗೆದು ನೋಡಿ.

ಈಗ ಕಾಕಾನ ಮಾತಿಗೆ ಬರೋಣ. ಐಎಸ್ 456 ಹೇಳೋ ಪ್ರಕಾರ ಓಪಿಸಿಗೆ ಕನಿಷ್ಠ 7 ದಿನ ಒದ್ದೆಯಾಗಿಡಬೇಕು, ಮಿನರಲ್ ಅಡ್‌ಮಿಕ್ಸ್ಚರ್ ಇದ್ರೆ 10 ದಿನ. ಸರಿ. ಆದರೆ ಹೊರಗೆ ಹೊಡೆದ ನೀರು ಒಳಗೆ ಹೋಗಬೇಕಲ್ಲ? ಪವರ್ಸ್ ಮತ್ತು ಸಂಗಡಿಗರು 1959ರಲ್ಲಿ ಒಂದು ಪಟ್ಟಿ ಕೊಟ್ಟಿದ್ದಾರೆ: ಸಿಮೆಂಟ್ ಪೇಸ್ಟಿನೊಳಗಿನ ಕ್ಯಾಪಿಲರಿ ದಾರಿಗಳು ಮುಚ್ಚಿಹೋಗೋಕೆ ಎಷ್ಟು ದಿನ ಬೇಕು ಅಂತ. ಅನುಪಾತ 0.70 ಇದ್ರೆ ಒಂದು ವರ್ಷ. 0.50ಕ್ಕೆ 14 ದಿನ. 0.45ಕ್ಕೆ 7 ದಿನ. 0.40ಕ್ಕೆ 3 ದಿನ. ನಮ್ಮ ಗೋಡೆಯದು 0.30. ಶಟರಿಂಗ್ ಬಿಚ್ಚಿದ್ದು ಮೂರನೇ ದಿನ. ಕಾಕಾ ಪೈಪ್ ಹಿಡಿದು ಬರೋ ಹೊತ್ತಿಗೆ ಬಾಗಿಲು ಹಾಕಿ ಆಗಿತ್ತು! ಮೇಲಿನ ಕೆಲವು ಮಿಲಿಮೀಟರ್ ನೆನೆದಿರಬಹುದು. ಅದೂ ಬೇಕೇ ಬೇಕು, ಮೇಲ್ಮೈ ಒಣಗೋದು ತಪ್ಪುತ್ತೆ. ಆದರೆ ಗೋಡೆಯ ಹೊಟ್ಟೆಗೆ ಒಂದು ಹನಿಯೂ ಮುಟ್ಟಿರಲಿಲ್ಲ. ಗ್ವಾಡಿ ನಿಜಕ್ಕೂ ಕುಡೀಲಿಲ್ಲ.

ಈ ಪಟ್ಟಿ ಕಂಡ ದಿನ ನಾನು ಲೈಬ್ರರಿಯಿಂದ ಓಡಿಬಂದು ಗೈಡ್‌ಗೆ ತೋರಿಸಿದೆ. ಅವರು ನನ್ನಷ್ಟು ಕುಣಿಯಲಿಲ್ಲ. "450 ಕೆಜಿ ಸಿಮೆಂಟಿನ ಬಿಸಿ ಎಲ್ಲಿ ಹೋಯ್ತು?" ಅಂತ ಕೇಳಿದ್ರು. ಕಾಂಕ್ರೀಟ್ ಒಂದು ಡಿಗ್ರಿ ತಣ್ಣಗಾದರೆ ಸುಮಾರು 10 ಮೈಕ್ರೋಸ್ಟ್ರೈನ್ ಕುಗ್ಗುತ್ತೆ. ಹೈಡ್ರೇಷನ್ನಿನ ಬಿಸಿಯಿಂದ ಏರಿದ ಗೋಡೆ ಆಮೇಲೆ 30 ಡಿಗ್ರಿ ಇಳಿದರೆ 300. ಇದರ ಜೊತೆಗೆ ಯೂರೋಕೋಡ್ 2ರ ಸೂತ್ರ ಹಾಕಿ: ಸಿಲಿಂಡರ್ ಬಲ 60 ಎಂಪಿಎ ಇದ್ರೆ 2.5 ಗುಣಿಸು 50, ಅಂದ್ರೆ ಕೊನೆಗೆ 125 ಮೈಕ್ರೋಸ್ಟ್ರೈನ್ ಆಟೋಜೀನಸ್. ಅದರಲ್ಲಿ ಶೇಕಡಾ 40ರಷ್ಟು ಮೊದಲ ವಾರದಲ್ಲೇ. ಕೆಳಗೆ ಗಟ್ಟಿಯಾದ ರಾಫ್ಟ್ ಗೋಡೆಯ ಕಾಲು ಹಿಡ್ಕೊಂಡಿದೆ, ಕುಗ್ಗೋಕೆ ಬಿಡಲ್ಲ. ಎಳಸು ಕಾಂಕ್ರೀಟ್ ಎಳೆತದಲ್ಲಿ ತಾಳೋದು ಹೆಚ್ಚೆಂದರೆ ನೂರು ಚಿಲ್ಲರೆ. ಕ್ರೀಪ್ ಸ್ವಲ್ಪ ಸಡಿಲ ಮಾಡಿಕೊಡುತ್ತೆ, ಎಲ್ಲವನ್ನೂ ಅಲ್ಲ. "ಆ ಗೋಡೆಯಲ್ಲಿ ಬಿಸಿಯ ಪಾಲೇ ದೊಡ್ಡದಿರಬಹುದು, ಒಳಬರ ಅದರ ಮೇಲೆ ಕೂತಿದೆ. ಎರಡನ್ನೂ ಬೇರೆ ಮಾಡದೆ ಮಾತಾಡಬೇಡ" ಅಂದ್ರು. ಒಪ್ಪಿದೆ. ಎರಡರಲ್ಲಿ ಯಾವುದು ದೊಡ್ಡದಾದರೂ ಕಾಕಾನ ಪೈಪಿಗೆ ಸಂಬಂಧ ಇಲ್ಲ ಅನ್ನೋದು ಮಾತ್ರ ನನಗೆ ಸಾಕಾಗಿತ್ತು.

ಹಾಗಾದ್ರೆ ಏನು ಮಾಡಬೇಕು? ನನ್ನ ಕೇಳಿದ್ರೆ ಮೊದಲನೇ ಉತ್ತರ ಮಿಕ್ಸ್ ಡಿಸೈನ್ ಮಾಡೋ ಟೇಬಲ್ ಮೇಲೇ ಇದೆ. ಎಂ 70 ಬೇಕು ಅಂದಾಗ ಎಂ 90 ಬರೋ ಹಾಗೆ ಸಿಮೆಂಟ್ ಸುರಿಯೋ ಚಾಳಿ ಬಿಡಬೇಕು. ಬಲ ಸಿಗುವಷ್ಟಕ್ಕೆ ಅನುಪಾತ ಇಳಿಸಿದ್ರೆ ಸಾಕು. ಜಲ್ಲಿ ಕುಗ್ಗಲ್ಲ, ಪೇಸ್ಟ್ ಕುಗ್ಗುತ್ತೆ. ಪೇಸ್ಟ್ ಕಡಿಮೆ ಮಾಡಿದಷ್ಟೂ ಒಳ್ಳೇದು. ಸಿಮೆಂಟಿನ ಒಂದು ಪಾಲಿಗೆ ಹಾರುಬೂದಿ ಹಾಕಿದ್ರೆ ಬಿಸಿಯೂ ಕಡಿಮೆ, ಆರಂಭದ ಒಳಬರವೂ ಕಡಿಮೆ.

ಎರಡನೇದು ಮೊದಲ ಕೆಲವು ಗಂಟೆ. ಇದು ಗೋಡೆಗಿಂತ ಸ್ಲ್ಯಾಬಿಗೆ ಮುಖ್ಯ. ಸಾಮಾನ್ಯ ಕಾಂಕ್ರೀಟಿನಲ್ಲಿ ಬ್ಲೀಡಿಂಗ್ ನೀರು ಮೇಲೆ ಬಂದು ಮೇಲ್ಮೈಯನ್ನ ಕಾಪಾಡುತ್ತೆ. ಹೈ ಸ್ಟ್ರೆಂತ್‌ನಲ್ಲಿ ಬ್ಲೀಡಿಂಗ್ ಇಲ್ಲವೇ ಇಲ್ಲ ಅನ್ನಬಹುದು. ಗಂಟೆಗೆ ಒಂದು ಚದರ ಮೀಟರಿಂದ 1 ಕೆಜಿ ನೀರು ಆವಿಯಾದ್ರೆ ಎಚ್ಚರ ಅಂತ ಅಮೆರಿಕದ ಎಸಿಐ ಹೇಳುತ್ತೆ. ಇಂಥ ಕಾಂಕ್ರೀಟಿಗೆ ಅದಕ್ಕಿಂತ ಕಡಿಮೆಯಲ್ಲೇ ಎಚ್ಚರ ಆಗಬೇಕು. ಬಿಸಿಲಿಗಿಂತ ಗಾಳಿ ಕೆಟ್ಟದ್ದು. ಹಾಕಿದ ತಕ್ಷಣ ಮಂಜಿನ ಹಾಗೆ ನೀರು ಸಿಂಪಡಿಸೋದು, ಪ್ಲಾಸ್ಟಿಕ್ ಹಾಳೆ ಹೊದಿಸೋದು, ಮಧ್ಯಾಹ್ನ ಬಿಟ್ಟು ಸಂಜೆ ಹಾಕೋದು. ಇದಕ್ಕೆಲ್ಲ ದುಡ್ಡು ಜಾಸ್ತಿ ಬೇಡ, ಮನಸ್ಸು ಬೇಕು. ಮಾರನೇ ದಿನ ಬೆಳಿಗ್ಗೆ ಮಡಿ ಕಟ್ಟಿ ನೀರು ನಿಲ್ಲಿಸೋಣ ಅಂತ ಕಾದರೆ ತಡವಾಯ್ತು.

ಮೂರನೇದು ಶ್ರಿಂಕೇಜ್ ಕಡಿಮೆ ಮಾಡೋ ಅಡ್‌ಮಿಕ್ಸ್ಚರ್. 1980ರ ದಶಕದಲ್ಲಿ ಜಪಾನಿನಿಂದ ಬಂದದ್ದು. ಮೇಲಿನ ಸೂತ್ರದಲ್ಲಿ ಸರ್ಫೇಸ್ ಟೆನ್ಷನ್ ಇತ್ತಲ್ಲ, ಅದನ್ನೇ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸುತ್ತೆ. ಉಪಾಯ ಚೆನ್ನಾಗಿದೆ, ಬೆಲೆ ನೋಡಿ ನಾವು ಕೈ ಮುಗಿದ್ವಿ.

ನಾವು ಹಿಡಿದಿದ್ದು ನಾಲ್ಕನೇ ದಾರಿ: ಹೊರಗಿನ ನೀರು ಒಳಗೆ ಹೋಗಲ್ಲ ಅಂದ್ರೆ ನೀರನ್ನ ಮೊದಲೇ ಒಳಗೆ ಬಚ್ಚಿಟ್ಟು ಬಿಡೋದು. ಇಂಟರ್ನಲ್ ಕ್ಯೂರಿಂಗ್. ನೀರು ಕುಡಿದ ಹಗುರ ಜಲ್ಲಿಯನ್ನ ಮರಳಿನ ಒಂದು ಪಾಲಿನ ಬದಲು ಹಾಕಬೇಕು. ಮಿಕ್ಸಿಂಗ್ ಹೊತ್ತಿಗೆ ಆ ನೀರು ಪೇಸ್ಟಿಗೆ ಸೇರಲ್ಲ, ಅನುಪಾತ ಕೆಡಲ್ಲ. ಒಳಗೆ ರಂಧ್ರಗಳು ಖಾಲಿಯಾಗೋಕೆ ಶುರುವಾದಾಗ ಜಲ್ಲಿಯ ದೊಡ್ಡ ರಂಧ್ರಗಳಿಂದ ಪೇಸ್ಟಿನ ಸಣ್ಣ ರಂಧ್ರಗಳಿಗೆ ನೀರು ತಾನಾಗೇ ಹರಿಯುತ್ತೆ. ಹೊಲದಲ್ಲಿ ಬೇರಿನ ಪಕ್ಕ ಮಡಕೆ ಹೂಳೋ ಹಾಗೆ. 2005ರಲ್ಲಿ ಟೆಕ್ಸಾಸಿನ ಹಚಿನ್ಸ್‌ನ ರೈಲ್ವೆ ಯಾರ್ಡಿನಲ್ಲಿ ಲಕ್ಷಕ್ಕೂ ಹೆಚ್ಚು ಘನ ಮೀಟರ್ ಹೀಗೆ ಹಾಕಿದ್ದಾರೆ. ಡೆನ್ಮಾರ್ಕಿನ ಯೆನ್ಸನ್ ಮತ್ತು ಹ್ಯಾನ್ಸನ್ 2001ರಲ್ಲಿ ತೋರಿಸಿದ ಇನ್ನೊಂದು ದಾರಿ ಮಕ್ಕಳ ಡೈಪರಿನಲ್ಲಿರೋ ನೀರು ಹೀರೋ ಪುಡಿ. (ಡೈಪರ್ ತರೋಕೆ ಮೆಡಿಕಲ್ ಶಾಪಿಗೆ ಹೋದ ಗೆಳೆಯನನ್ನ ಅಂಗಡಿಯವರು ನೋಡಿದ ರೀತಿ ಅವನೇ ಬಂದು ವರ್ಣಿಸಬೇಕು.) ಅದು ಬಟ್ಟಿ ಇಳಿಸಿದ ನೀರನ್ನ ತನ್ನ ತೂಕದ ನೂರಾರು ಪಟ್ಟು ಹೀರುತ್ತೆ, ಸಿಮೆಂಟಿನ ಉಪ್ಪು-ಕ್ಷಾರದ ನೀರಲ್ಲಿ ಹತ್ತಿಪ್ಪತ್ತು ಪಟ್ಟು ಮಾತ್ರ. ಡೈಪರ್ ಬಿಚ್ಚಿ ಹತ್ತಿಯಿಂದ ಪುಡಿ ಬೇರೆ ಮಾಡೋದರಲ್ಲೇ ಒಂದು ವಾರ ಹೋಯ್ತು, ಬಿಟ್ವಿ.

ಹಗುರ ಜಲ್ಲಿ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಜಪಾನಿನವರು ರಂಧ್ರಗಳಿರೋ ಸೆರಾಮಿಕ್ ತ್ಯಾಜ್ಯ ಬಳಸಿದ ಪೇಪರ್ ಒಂದನ್ನ ಓದ್ತಿದ್ದಾಗ ನನಗೆ ಕುಂದಾಪುರದ ನಮ್ಮಜ್ಜಿ ಮನೆ ಹಿತ್ತಲು ಕಣ್ಣಿಗೆ ಬಂತು. ಮಾಡು ಇಳಿಸಿದಾಗ ರಾಶಿ ಹಾಕಿದ ಮಂಗಳೂರು ಹಂಚಿನ ಚೂರು. ದಸರಾ ರಜೆಯಲ್ಲಿ ಎರಡು ಗೋಣಿ ತುಂಬಿಸಿದೆ. "ಒಡ್ದ್ ಹಂಚ್ ತಕಂಡ್ ಹೋಯಿ ಎಂತ ಮಾಡ್ತ್ಯಾ ಮಗಾ?" ಅಂತ ಅಜ್ಜಿ. ಬಸ್ಸಿನ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದು ಅದೇ ಪ್ರಶ್ನೆ ಕೇಳಿದ್ರು.

ಚೂರುಗಳನ್ನ ಕುಟ್ಟಿ, ಜರಡಿ ಹಿಡಿದು, ಒಂದು ದಿನ ನೆನೆಸಿ ಅಳೆದಾಗ ನೂರು ಗ್ರಾಮಿಗೆ ಹದಿನೈದು ಗ್ರಾಮಿನ ಆಸುಪಾಸು ನೀರು ಕುಡಿದಿತ್ತು. 26 ಕೆಜಿ ನೀರು ಬೇಕು ಅಂದ್ರೆ ಘನ ಮೀಟರಿಗೆ ಸುಮಾರು 175 ಕೆಜಿ ಹಂಚು. ಕುಡಿದರೆ ಸಾಲದು, ಬೇಕಾದಾಗ ಬಿಟ್ಟೂ ಕೊಡಬೇಕು. ಕೆಲವು ಜಲ್ಲಿ ಕುಡಿದು ಕಂಜೂಸಿ ಮಾಡ್ತವೆ. ಹಂಚು ಧಾರಾಳಿ.

ಅಳೆಯೋ ವಿಧಾನ ಇನ್ನೊಂದು ಪುರಾಣ. ಸಾಮಾನ್ಯ ಪ್ರಿಸಮ್‌ನಲ್ಲಿ 24 ಗಂಟೆ ಬಿಟ್ಟು ಅಚ್ಚಿನಿಂದ ತೆಗೆದು ಅಳೆಯೋಕೆ ಶುರು ಮಾಡಿದ್ರೆ, ಯಾವುದನ್ನ ನೋಡಬೇಕಿತ್ತೋ ಅದರ ದೊಡ್ಡ ಪಾಲು ಆಗಲೇ ನಡೆದುಹೋಗಿರುತ್ತೆ. ಎಎಸ್‌ಟಿಎಂ ಸಿ 1698ರಲ್ಲಿ ಸುರುಳಿ ಸುರುಳಿಯ ಪ್ಲಾಸ್ಟಿಕ್ ಕೊಳವೆಯೊಳಗೆ ಪೇಸ್ಟ್ ಅಥವಾ ಗಾರೆ ತುಂಬಿ ಫೈನಲ್ ಸೆಟ್‌ನಿಂದಲೇ ಅಳೆಯೋ ಕ್ರಮ ಇದೆ. ಆ ಕೊಳವೆ ನಮಗೆ ಸಿಗಲಿಲ್ಲ, ವೈರಿಂಗಿಗೆ ಬಳಸೋ ಸುರುಳಿ ಪೈಪ್ ಸಿಕ್ತು. ಎರಡೂ ತುದಿಗೆ ಬಿರಡೆ, ಒಂದು ಕಡೆ ಡಯಲ್ ಗೇಜ್. ಲ್ಯಾಬಿನಲ್ಲಿ ಎಸಿ ಇಲ್ಲ, ಹಗಲು ಬಿಸಿ ಏರಿದ್ರೆ ಪೈಪೂ ಹಿಗ್ಗುತ್ತೆ. ಅದಕ್ಕೇ ರಾತ್ರಿ ಪಾಳಿ. ಅಟೆಂಡರ್ ಅಣ್ಣ ಬೀಗದ ಕೈ ಕೊಟ್ಟು, "ಮಲಗಿದ್ರೆ ರೀಡಿಂಗ್ ಸುಳ್ಳು ಬರೀತೀರ, ಅಲಾರಂ ಇಟ್ಕೊಳ್ಳಿ" ಅಂತ ಬೈದು ಹೋಗೋರು.

ಹಂಚಿಲ್ಲದ ಗಾರೆಯ ಗ್ರಾಫ್ ಮೊದಲ ದಿನ ಬಾವಿಗೆ ಬಿದ್ದ ಹಾಗೆ ಇಳೀತು, ಆಮೇಲೆ ನಿಧಾನ ಆಯ್ತು. ಹಂಚಿನದು ಮೊದಲು ಒಂಚೂರು ಮೇಲಕ್ಕೇ ಹೋಯ್ತು, ಹಿಗ್ಗಿತು. ಆಮೇಲೆ ಇಳಿದರೂ ಮೊದಲನೆಯದರ ಅರ್ಧಕ್ಕೂ ಮುಟ್ಟಲಿಲ್ಲ. ಮೂರು ಸಲ ಮಾಡಿದ್ವಿ, ಮೂರು ಸಲವೂ ಹಾಗೇ. ಕ್ಯೂಬಿನ 28 ದಿನದ ಬಲ ಸ್ವಲ್ಪ ಕಡಿಮೆ ಬಂತು. ನಮ್ಮದು ವೈರಿಂಗ್ ಪೈಪಿನ ಅಳತೆ, ಮೈಕ್ರೋಸ್ಟ್ರೈನ್ ಇಷ್ಟೇ ಅಂತ ಎದೆ ತಟ್ಟಿ ಹೇಳೋ ಮಟ್ಟದ್ದಲ್ಲ. ಎರಡರ ನಡುವಿನ ವ್ಯತ್ಯಾಸ ಮಾತ್ರ ಯಾರು ಬಂದು ಮಾಡಿದ್ರೂ ಕಾಣುತ್ತೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದ್ದು: "ಸೈಟಲ್ಲಿ ನೆಟ್ಟಗೆ ಕ್ಯೂರಿಂಗ್ ಮಾಡಿದ್ರೆ ಇದೆಲ್ಲ ಯಾಕ್ ಬೇಕು?" ನಾಲ್ಕು ಜನವೂ ಒಟ್ಟಿಗೆ ಬಾಯಿ ತೆಗೆದ್ವಿ. ಪವರ್ಸ್ ಪಟ್ಟಿಯ ಸ್ಲೈಡ್ ಹಾಕಿ ಹತ್ತು ನಿಮಿಷ ಮಾತಾಡಿದ ಮೇಲೆ ಅವರು ಕನ್ನಡಕ ತೆಗೆದು, "ಹಂಚು ನೆನೆಸೋ ಕೆಲಸ ಸೈಟಲ್ಲಿ ಯಾರು ಮಾಡ್ತಾರೆ?" ಅಂದ್ರು. ಒಳ್ಳೆ ಪ್ರಶ್ನೆ. ಜಲ್ಲಿ ಸರಿಯಾಗಿ ನೆನೆದಿಲ್ಲ ಅಂದ್ರೆ ಅದೇ ತಿರುಗಿ ಪೇಸ್ಟಿನ ನೀರು ಕುಡಿದುಬಿಡುತ್ತೆ, ಮೊದಲಿಗಿಂತ ಕಷ್ಟ.

ಆ ಸೈಟಿನ ಇಂಜಿನಿಯರಿಗೆ ಎರಡು ಪುಟದ ಟಿಪ್ಪಣಿ ಕಳಿಸಿದೆ. ನೋಡಿದೀನಿ ಅನ್ನೋ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಕಾಕಾ ಈಗ ಬೇರೆ ಸೈಟಿನಲ್ಲಿದ್ದಾರೆ, ಫೋನಿಗೆ ಸಿಗ್ತಾರೆ. ನಾಲ್ಕು ದಿನದ ಕೂಲಿ ಬರಲೇ ಇಲ್ಲ. ನೀರನ್ನ ಹಂಚಿನೊಳಗೆ ತುಂಬಿಸಿ ಕಾಂಕ್ರೀಟಿಗೆ ಹಾಕ್ತೀವಿ ಅಂದಾಗ ಜೋರಾಗಿ ನಕ್ಕರು: "ಅಂದ್ರ ಬುತ್ತಿ ಕಟ್ಟಿ ಕಳಸ್ತೀರಿ ಅನ್ರಿ."

ಒಂದೂವರೆ ಗೋಣಿ ಹಂಚು ಇನ್ನೂ ಕಾಂಕ್ರೀಟ್ ಲ್ಯಾಬಿನ ಕಂಪ್ರೆಷನ್ ಮೆಷಿನ್ ಹಿಂದೆ ಇದೆ. ಜೂನಿಯರ್ಸ್ ಯಾರಾದ್ರೂ ಮುಂದುವರಿಸೋದಾದ್ರೆ ಹಾರುಬೂದಿ ಮತ್ತು ಹಂಚು ಎರಡನ್ನೂ ಒಟ್ಟಿಗೆ ಹಾಕಿ ನೋಡಿ, ನಾವು ಅದನ್ನ ಮುಟ್ಟಿಲ್ಲ. ಒಂದು ದಿನ ಪೂರ್ತಿ ನೆನೆಸಿ, ಮೇಲ್ಮೈ ನೀರು ಒರೆಸಿ ತೂಗಿ. ಡಯಲ್ ಗೇಜ್ ಅಟೆಂಡರ್ ಅಣ್ಣನ ಕಪಾಟಿನಲ್ಲಿದೆ, ಕೇಳಿದ್ರೆ ಕೊಡ್ತಾರೆ.